ದೋಸ್ತಿಗೆ ಹಾಕಿದ ದರ

2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ್ದ ನ್ಯಾಟೊ ಕೂಟದ 32 ದೇಶಗಳು ಒಂದು ಲೆಕ್ಕಕ್ಕೆ ಸಹಿ ಹಾಕಿದವು. 2035ರ ಹೊತ್ತಿಗೆ ಪ್ರತಿ ದೇಶವೂ ತನ್ನ ಒಟ್ಟು ಉತ್ಪನ್ನದ ಶೇ 5ರಷ್ಟನ್ನು ರಕ್ಷಣೆಗೆ ಇಡಬೇಕು. ಅದರಲ್ಲಿ ಶೇ 3.5 ನೇರವಾಗಿ ಸೇನೆಗೆ, ಉಳಿದ ಶೇ 1.5 ರಸ್ತೆ, ಸೇತುವೆ, ಬಂದರು, ಸೈಬರ್ ಕಾವಲಿನಂಥ ಪೂರಕ ಕೆಲಸಕ್ಕೆ. 2014ರಲ್ಲಿ ಗೊತ್ತುಮಾಡಿದ್ದ ಶೇ 2ರ ಗುರಿಯನ್ನೇ ಹಲವರು ಹತ್ತು ವರ್ಷ ಕಳೆದರೂ ಮುಟ್ಟಿರಲಿಲ್ಲ. ನಮಗೆ ಶೇ 2.1 ಸಾಕು ಎಂದು ಸ್ಪೇನ್ ಬಾಯಿಬಿಟ್ಟು ಹೇಳಿತು. ಬಹುತೇಕ ಉಳಿದವರು ಅಮೆರಿಕದ ಅಧ್ಯಕ್ಷರ ಮುಖ ನೋಡಿ ತಲೆಯಾಡಿಸಿದರು.

ಈ ಲೆಕ್ಕ ತಪ್ಪು ಎಂಬುದು ನಮ್ಮ ತೀರ್ಪು. ಯುರೋಪಿನ ಪಂಚಾಯಿತಿಯಲ್ಲಿ ಯಾದಗಿರಿ, ಶಹಾಪುರ, ಸುರಪುರದವರಿಗೆ ಏನು ಕೆಲಸ ಎಂದು ಕೇಳುವವರು ಇರುತ್ತಾರೆ. ಕೆಲಸವಿದೆ. ದೊಡ್ಡ ಮಿತ್ರ ಬರೆದಿಟ್ಟ ಸೇನಾ ಖರ್ಚಿನ ಬಾಕಿಗೆ ಸೀಮೆಗೆ ಸೀಮೆಯೇ ಕೈಬದಲಾದದ್ದನ್ನು ಕಂಡ ನೆಲ ಇದು.

1798ರಲ್ಲಿ ಹೈದರಾಬಾದಿನ ನಿಜಾಮ್ ಅಲಿ ಖಾನ್ ಈಸ್ಟ್ ಇಂಡಿಯಾ ಕಂಪನಿಯ ದೋಸ್ತಿ ಕಟ್ಟಿಕೊಂಡ. ಕಂಪನಿಯ ಆರು ಪಟಾಲಮ್ಮುಗಳನ್ನು ಸಾಕಲು ವರ್ಷಕ್ಕೆ 24,17,100 ರೂಪಾಯಿ ಕೊಡಬೇಕೆಂದು ಕರಾರಾಯಿತು. ಎರಡೇ ವರ್ಷದಲ್ಲಿ ಪಡೆ ಹೆಚ್ಚಿತು, ನಗದು ಸಾಲದಾಯಿತು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು 1800ರಲ್ಲಿ ನಿಜಾಮ ಕಂಪನಿಗೇ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಹುಟ್ಟಿದ್ದು ಹಾಗೆ. ಕೊಟ್ಟವನು ದೊರೆ, ಇಸಿದುಕೊಂಡವನು ಮಿತ್ರ. ಬಳ್ಳಾರಿಯ ರೈತನನ್ನು ಯಾರೂ ಕೇಳಲಿಲ್ಲ.

ಖರ್ಚು ಅಲ್ಲಿಗೂ ಮುಗಿಯಲಿಲ್ಲ. 1800ರ ಒಪ್ಪಂದದ ಪ್ರಕಾರ ಯುದ್ಧ ಬಂದಾಗ ನಿಜಾಮ 6,000 ಕಾಲಾಳು, 9,000 ಕುದುರೆ ಸವಾರರನ್ನು ಒದಗಿಸಬೇಕಿತ್ತು, ಅಷ್ಟೆ. ಆದರೆ ಕಂಪನಿಯ ರೆಸಿಡೆಂಟ್ ಹೆನ್ರಿ ರಸೆಲ್ ಕಾಲದಲ್ಲಿ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಒಂದು ಪಡೆ ಎದ್ದುನಿಂತು, ಶಾಂತಿಕಾಲದಲ್ಲೂ ಕಾಯಂ ಆಯಿತು. ಮುಂದೆ ಅದೇ ಹೈದರಾಬಾದ್ ಕಾಂಟಿಂಜೆಂಟ್. ಅದಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ. ಹುಕುಂ ಕಂಪನಿಯದು, ಪಗಾರ ನಿಜಾಮನದು. ಪಗಾರ ಕೊಡಲು ಸಾಲ, ಸಾಲಕ್ಕೆ ದುಬಾರಿ ಬಡ್ಡಿ, ಬಡ್ಡಿ ತೀರಿಸಲು ರೈತನ ಮೇಲೆ ಪಟ್ಟಿ. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಾಕಿ ಚೀಟಿ ಮುಂದಿಟ್ಟು ಬೇರಾರ, ಧಾರಾಶಿವ, ರಾಯಚೂರು ದೋಆಬ್ ಮೂರನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡ.

ಸುರಪುರಕ್ಕೆ ಈ ದೋಸ್ತಿ ತಟ್ಟಿದ್ದು ಇನ್ನೂ ಕ್ರೂರವಾಗಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಕಂಪನಿಗೆ ಎದುರುಬಿದ್ದಾಗ ಅವನ ಮೇಲೆ ಬಂದ ಪಡೆಗಳಲ್ಲಿ ಈ ಕಾಂಟಿಂಜೆಂಟೂ ಇತ್ತು. ಸೆರೆಸಿಕ್ಕ ರಾಜ ಗುಂಡೇಟಿನಿಂದ ಸತ್ತ. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ಮಾತು ಇವತ್ತಿಗೂ ಮುಗಿದಿಲ್ಲ. 1860ರ ಒಪ್ಪಂದದಲ್ಲಿ ಬ್ರಿಟಿಷರು ನಿಜಾಮನಿಗೆ 50 ಲಕ್ಷದ ಬಾಕಿ ಮನ್ನಾ ಮಾಡಿ, ರಾಯಚೂರು, ಧಾರಾಶಿವಗಳನ್ನು ಮರಳಿಸಿ, ಮೇಲೆ ಸುರಪುರ ಸಂಸ್ಥಾನವನ್ನೂ ಅವನ ಉಡಿಗೆ ಹಾಕಿದರು. ನಿಷ್ಠೆಗೆ ಸಿಕ್ಕ ಇನಾಮು! ಔರಂಗಜೇಬನಂಥವನನ್ನು 1705ರಲ್ಲಿ ವಾಗಿನಗೇರಿ ಕೋಟೆಯ ಮುಂದೆ ತಿಂಗಳುಗಟ್ಟಲೆ ನಿಲ್ಲಿಸಿದ್ದ ನಾಯಕರ ಸೀಮೆ ಹೀಗೆ ಇಬ್ಬರು ಮಿತ್ರರ ಲೆಕ್ಕಪುಸ್ತಕದ ಒಂದು ಸಾಲಾಗಿ ಹೋಯಿತು.

ಮೈಸೂರಿನ ಕತೆ ನಗದಿನದು. 1799ರಲ್ಲಿ ಕಂಪನಿಯೇ ಕಟ್ಟಿದ ಅಂದಾಜಿನಂತೆ ಆ ರಾಜ್ಯದ ಹುಟ್ಟುವಳಿ ಸುಮಾರು 13 ಲಕ್ಷ 74 ಸಾವಿರ ಕಂಠೀರವಿ ವರಹ. ಕಂಪನಿಯ ಪಡೆಗೆಂದು ಅದರಿಂದ ತೆರಬೇಕಾದ ಪೊಗದಿ 7 ಲಕ್ಷ ಸ್ಟಾರ್ ವರಹ, ಅಂದರೆ ಅರ್ಧಕ್ಕಿಂತ ಮಿಗಿಲು. ನಡುವೆ ತಾವೇ ಆಳಿದ ರಾಜ್ಯವನ್ನು 1881ರಲ್ಲಿ ಅರಸರಿಗೆ ಮರಳಿಸುವಾಗ ಬ್ರಿಟಿಷರು ಈ ಪೊಗದಿಯನ್ನು ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸುವ ಷರತ್ತು ಹಾಕಿದರು. ಆ ಹತ್ತೂವರೆ ಲಕ್ಷದ ಹೆಚ್ಚುವರಿ ಹೊರೆ ಇಳಿದದ್ದು 1927ರಲ್ಲಿ. ಮೈಸೂರು ಕೊಟ್ಟದ್ದು ಹಣ, ಹೈದರಾಬಾದು ಕೊಟ್ಟದ್ದು ನೆಲ. ಇವರಲ್ಲಿ ಯಾರು ಹೆಚ್ಚು ಕೊಟ್ಟರು ಎಂದು ಶೇಕಡಾ ಲೆಕ್ಕ ಹಾಕಬಹುದು. ಆ ಪಡೆ ಯಾರ ಮಾತು ಕೇಳುತ್ತಿತ್ತು ಎಂಬುದನ್ನು ಮಾತ್ರ ಆ ಲೆಕ್ಕ ಹೇಳುವುದಿಲ್ಲ.

ಇಂದಿನ ಯುರೋಪ್ ಅಂದಿನ ನಿಜಾಮನಲ್ಲ, ಒಪ್ಪುತ್ತೇವೆ. ಜರ್ಮನಿಯಂಥ ಸಿರಿವಂತರು ದಶಕಗಟ್ಟಲೆ ಅಮೆರಿಕದ ಕೊಡೆಯಡಿ ನಿಂತು ಕೈಬಿಗಿ ಹಿಡಿದದ್ದು ನಿಜ. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಪೋಲೆಂಡ್ ಶೇ 4 ದಾಟಿದ್ದಕ್ಕೆ ಯಾರ ಒತ್ತಾಯವೂ ಬೇಕಿರಲಿಲ್ಲ, ಬೆಂಕಿ ಅದರ ಬಾಗಿಲಲ್ಲೇ ಇತ್ತು. ಆದರೆ ಗ್ರೀಸ್ ನೋಡಿ. ಸಾಲದಲ್ಲಿ ಮುಳುಗಿ ಅದರ ಆರ್ಥಿಕತೆ ಕಾಲು ಭಾಗದಷ್ಟು ಕುಸಿದ ವರ್ಷಗಳಲ್ಲೂ ಶೇ 2ರ ಗೆರೆ ದಾಟಿ ನಿಂತ ಕೆಲವೇ ದೇಶಗಳಲ್ಲಿ ಅದೂ ಒಂದು. ಭಾಗಿಸುವ ಅಂಕಿ ಕುಗ್ಗಿದರೆ ಶೇಕಡಾ ತಾನೇ ಏರುತ್ತದೆ! ಅದಕ್ಕಿಂತ ಮೋಜೆಂದರೆ ಗ್ರೀಸಿನ ತೋಪುಗಳ ಮುಖವಿದ್ದದ್ದು ಅದೇ ಕೂಟದ ಇನ್ನೊಬ್ಬ ಸದಸ್ಯ ತುರ್ಕಿಯ ಕಡೆಗೆ. ಇನ್ನು ಶೇ 1.5ರ ಪೂರಕ ಖಾತೆ ಬಂದದ್ದೇ ತಡ, ಸಿಸಿಲಿಗೆ ಕಟ್ಟಬೇಕೆಂದಿದ್ದ ಮೆಸ್ಸಿನಾ ಸೇತುವೆಯನ್ನೂ ರಕ್ಷಣೆಯ ಬಾಬತ್ತಿಗೆ ಸೇರಿಸಬಹುದೇ ಎಂಬ ಮಾತು ಇಟಲಿಯಲ್ಲಿ ಎದ್ದಿತು. ಆ ಲೆಕ್ಕದಲ್ಲಿ ನಮ್ಮ ತಿಂಥಣಿ ಬ್ರಿಡ್ಜೂ ಒಂದು ಕೋಟೆಯೇ.

ಭಾರತ ಯಾವ ಸೇನಾ ಕೂಟದಲ್ಲೂ ಇಲ್ಲ. ಆದರೂ ಈ ಶೇಕಡಾ ಜ್ವರ ಇಲ್ಲಿಗೂ ಹಬ್ಬಿದೆ. 2025-26ರ ಮುಂಗಡಪತ್ರದಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ, ಜಿಡಿಪಿಯ ಶೇ 1.9ರ ಆಸುಪಾಸು. ಶೇ 3ಕ್ಕೆ ಏರಿಸಿ ಎಂಬ ಶಿಫಾರಸು ಸಂಸತ್ತಿನ ಸ್ಥಾಯಿ ಸಮಿತಿಯಿಂದಲೇ ಬಂದಿದೆ. ಇಟ್ಟ ಹಣದಲ್ಲಿ ಸುಮಾರು ಕಾಲು ಭಾಗ ಪಿಂಚಣಿಗೇ ಹೋಗುತ್ತದೆ. ಅದು ನಿವೃತ್ತ ಸೈನಿಕರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಪಿಂಚಣಿಯೂ ಕ್ಷಿಪಣಿಯೂ ಒಂದೇ ಶೇಕಡಾದೊಳಗೆ ಅಡಗಿದಾಗ ಗಡಿಯಲ್ಲಿ ನಿಂತವನ ಕೈಗೆ ಏನು ಬಂತು ಎಂಬುದು ಯಾರಿಗೂ ಕಾಣುವುದಿಲ್ಲ. 2018ರಲ್ಲಿ ಕೇಂದ್ರವೇ ಮಹತ್ವಾಕಾಂಕ್ಷಿ ಜಿಲ್ಲೆ ಎಂದು ಹೆಸರಿಟ್ಟ, ಇಂದಿಗೂ ಬೆಂಗಳೂರಿಗೆ ಗುಳೆ ಹೋಗುವ ಯಾದಗಿರಿಗೆ ಜಿಡಿಪಿಯ ಶೇ 1 ಎಂದರೆ ಶಾಲೆ, ದವಾಖಾನೆ, ಕಾಲುವೆಯ ಕೊನೆಯ ಹೊಲಕ್ಕೆ ನೀರು. ಬಂದೂಕು ಬೇಕಾದರೆ ಎಷ್ಟು ಬಂದೂಕು, ಯಾರ ಎದುರಿಗೆ, ಯಾವ ಬೆಲೆಗೆ ಎಂದು ಸಂಸತ್ತಿನಲ್ಲಿ ಬಾಬತ್ತು ಬಾಬತ್ತಾಗಿ ಹೇಳಿ ಕೇಳಲಿ, ಕೊಡೋಣ. ಮೊದಲು ಶೇಕಡಾ ಗೊತ್ತುಮಾಡಿ ಆಮೇಲೆ ಶತ್ರುವನ್ನು ಹುಡುಕುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ.

ಬೇರಾರದ ಗತಿ ಏನಾಯಿತೆಂಬುದು ಉಳಿಯಿತು. ಕಾಂಟಿಂಜೆಂಟಿನ ಖರ್ಚಿಗೆಂದು 1853ರಲ್ಲಿ ಹೋದ ಆ ಸೀಮೆಯನ್ನು 1902ರಲ್ಲಿ ವೈಸರಾಯ್ ಕರ್ಜನ್ ವರ್ಷಕ್ಕೆ 25 ಲಕ್ಷ ರೂಪಾಯಿಯ ಕಾಯಂ ಗುತ್ತಿಗೆಗೆ ಬರೆಸಿಕೊಂಡ. ಮರುವರ್ಷ ಕಾಂಟಿಂಜೆಂಟ್ ಬ್ರಿಟಿಷರ ಸೇನೆಯಲ್ಲಿ ಲೀನವಾಯಿತು. ಪಡೆ ಹೋಯಿತು, ಬೇರಾರ ನಿಜಾಮನ ಕೈಗೆ ಮರಳಲಿಲ್ಲ.