ಯಕೃತ್ತಿನ ಮರುಬೆಳವಣಿಗೆ: ಭರವಸೆಯೇ ಹೊರತು ಪರವಾನಗಿಯಲ್ಲ

“ಲಿವರ್ ಕತ್ತರಿಸಿದರೂ ಮತ್ತೆ ಬೆಳೆಯುತ್ತದಂತೆ ಡಾಕ್ಟರೇ, ಕುಡಿದರೆ ಏನಾದೀತು?” ಮದ್ಯಪಾನ ಬಿಡಲೊಲ್ಲದ ರೋಗಿಗಳು ಹೀಗೆ ಕೇಳುವುದುಂಟು. ಈ ಮಾತಿನ ಮೊದಲರ್ಧ ನಿಜ. ಉಳಿದರ್ಧ ಪ್ರಾಣಕ್ಕೆ ಎರವಾಗುವಂಥದು.

ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಭಾಗವನ್ನು ತೆಗೆಯುವ ವಿಧಾನವನ್ನು 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ವಿವರಿಸಿದರು. ಉಳಿದ ಭಾಗವು ಒಂದೆರಡು ವಾರಗಳಲ್ಲಿಯೇ ಬೆಳೆದು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಮರಳುತ್ತದೆ. ಇಂದು ಜೀವಂತ ದಾನಿಗಳು ಯಕೃತ್ತಿನ ಒಂದು ಭಾಗವನ್ನು ಬಂಧುಗಳಿಗೆ ನೀಡಲು ಸಾಧ್ಯವಾಗಿರುವುದೂ ಈ ಗುಣದಿಂದಲೇ.

ಆದರೆ ಈ ಬೆಳವಣಿಗೆಗೆ ಅಪ್ಪಣೆ ಬೇಕು. ಮೇದೋಜೀರಕ ಗ್ರಂಥಿಯ ಇನ್ಸುಲಿನ್, ನರತುದಿಗಳಿಂದ ಒಸರುವ ನಾರ್‌ಅಡ್ರಿನಲಿನ್, ಯಕೃತ್ತಿನಲ್ಲಿಯೇ ಹುಟ್ಟುವ ಬೆಳವಣಿಗೆಯ ಅಂಶಗಳು ಜೀವಕೋಶದ ಹೊರಪೊರೆಯ ಗ್ರಾಹಕಗಳನ್ನು ಸೇರುತ್ತವೆ. ಹೊಸ್ತಿಲಲ್ಲಿ ನಿಂತ ದೂತನ ಮಾತನ್ನು ಮನೆಯವರು ಒಳಗೆ ಮುಟ್ಟಿಸುವಂತೆ, ಕೋಶದೊಳಗಿನ ಕಿಣ್ವಗಳೂ ಕ್ಯಾಲ್ಸಿಯಮ್ಮೂ ಆ ಸುದ್ದಿಯನ್ನು ಕೋಶಕೇಂದ್ರಕ್ಕೆ ತಲುಪಿಸುತ್ತವೆ. ಆಗ ವಿಶ್ರಾಂತವಾಗಿದ್ದ ಕೋಶವು ವಿಭಜನೆಗೆ ಸಿದ್ಧವಾಗುತ್ತದೆ. ಹೊರಗೆ ನಿಂತ ಹಾರ್ಮೋನು ಒಳಗಿನ ಮತ್ತೊಬ್ಬ ದೂತನ ಮೂಲಕ ಕೆಲಸ ಮಾಡಿಸುತ್ತದೆಂಬುದನ್ನು ಯಕೃತ್ತಿನ ಮೇಲಿನ ಪ್ರಯೋಗಗಳಿಂದಲೇ ಕಂಡುಕೊಂಡ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಬೆಳೆದದ್ದು ಸಾಕೆಂದು ತಡೆಯುವ ಸಂದೇಶಗಳೂ ಇವೆ.

ವೈದ್ಯನು ಆರೋಗ್ಯವಂತ ಯಕೃತ್ತನ್ನು ಒಮ್ಮೆ ಕತ್ತರಿಸುವುದಕ್ಕೂ ನಾವು ಅದನ್ನು ದಿನವೂ ಸುಡುವುದಕ್ಕೂ ಅಜಗಜಾಂತರವಿದೆ. ವರ್ಷಗಟ್ಟಲೆ ಮದ್ಯ ಸೇವಿಸಿದರೆ, ಹಳೆಯ ಗಾಯ ಮಾಯುವ ಮೊದಲೇ ಹೊಸದು ಸೇರಿ ನಾರು ಬೆಳೆಯುತ್ತದೆ. ಆ ನಾರಿನ ನಡುವೆ ಹುಟ್ಟಿದ ಕೋಶಗಳು ಗಂಟುಗಳಾಗಿ ರಕ್ತದ ಹಾದಿ ಕೆಡುತ್ತದೆ. ಇದೇ ಸಿರೋಸಿಸ್. ಇಲ್ಲಿ ಬೆಳವಣಿಗೆಯಿದ್ದರೂ ಕ್ರಮವಿಲ್ಲ.

ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಬೆಳಿಗ್ಗೆ ನೆಲನೆಲ್ಲಿಯ ಕಷಾಯ, ಸಂಜೆ ಮದ್ಯ ಎಂಬ ಲೆಕ್ಕಾಚಾರ ಫಲಿಸದು. ನಿದಾನ ಪರಿವರ್ಜನೆ, ಎಂದರೆ ರೋಗದ ಕಾರಣವನ್ನು ತೊರೆಯುವುದೇ ನಮ್ಮ ಶಾಸ್ತ್ರದ ಮೊದಲ ಚಿಕಿತ್ಸೆ. ಮೂಲಿಕೆಯೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಕೆಲವು ಯಕೃತ್ತನ್ನೇ ಘಾಸಿಗೊಳಿಸುತ್ತವೆ. ಕಾಮಾಲೆ, ಜಲೋದರ, ರಕ್ತವಾಂತಿ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ನಿತ್ಯ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಆದ್ದರಿಂದ ವೈದ್ಯರ ನೆರವಿನಿಂದಲೇ ಬಿಡಬೇಕು.

ಮರಳಿ ಬೆಳೆಯುವ ಶಕ್ತಿ ಯಕೃತ್ತಿನದು. ಅದಕ್ಕೆ ಬಿಡುವು ಕೊಡುವ ಹೊಣೆ ನಮ್ಮದು.