ಹಳದಿ ಮಾರ್ಗ: ಹಳಿ ಇದೆ, ರೈಲು ಸಾಲದು

ಆರ್‌.ವಿ. ರಸ್ತೆ–ಬೊಮ್ಮಸಂದ್ರ ನಡುವಣ ಬೆಂಗಳೂರಿನ ‘ನಮ್ಮ ಮೆಟ್ರೊ’ ಹಳದಿ ಮಾರ್ಗ 2025ರ ಆಗಸ್ಟ್‌ 11ರಿಂದ ಸಾರ್ವಜನಿಕರಿಗೆ ಮುಕ್ತವಾಗಿದೆ. ಆದರೆ, 16 ನಿಲ್ದಾಣಗಳ ಈ ಮಾರ್ಗದಲ್ಲಿ 2025ರಲ್ಲಿ ಸೇವೆ ಆರಂಭವಾದಾಗ ಓಡುತ್ತಿದ್ದುದು ಮೂರೇ ರೈಲು. ಒಂದು ತಪ್ಪಿದರೆ ಮತ್ತೊಂದಕ್ಕೆ 25 ನಿಮಿಷ ಕಾಯಬೇಕಿತ್ತು. ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳು, ಬೊಮ್ಮಸಂದ್ರದ ಕಾರ್ಮಿಕರು ವರ್ಷಗಳಿಂದ ಎದುರು ನೋಡುತ್ತಿದ್ದ ಮಾರ್ಗವಿದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ ಬಲ್ಲವರಿಗೆ ಈ ಮಾರ್ಗದ ರೈಲುಗಳಲ್ಲಿನ ಜನಸಂದಣಿ ಅನಿರೀಕ್ಷಿತವೇನಲ್ಲ.

ಹೆಚ್ಚಿನ ಆತಂಕ ಇದ್ದುದು ಆರ್‌.ವಿ. ರಸ್ತೆ ನಿಲ್ದಾಣದಲ್ಲಿ. ಹಸಿರು ಮಾರ್ಗದ ರೈಲುಗಳು ಕೆಲವೇ ನಿಮಿಷಗಳಿಗೊಮ್ಮೆ ಅಲ್ಲಿ ಜನರನ್ನು ಇಳಿಸುತ್ತವೆ. ಅವರನ್ನು ಮುಂದಕ್ಕೆ ಒಯ್ಯುವ ರೈಲು ಬರುವಷ್ಟರಲ್ಲಿ ಪ್ಲಾಟ್‌ಫಾರ್ಮ್ ಕಿಕ್ಕಿರಿಯುತ್ತಿತ್ತು. ಇದು ಅನನುಕೂಲವಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆ. ವೃದ್ಧರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಆ ನೂಕುನುಗ್ಗಲಿನಲ್ಲಿ ರೈಲು ಹತ್ತುವುದಾದರೂ ಹೇಗೆ? ಸೇವೆ ಆರಂಭಿಸಿದ್ದು ಸರಿ. ಸಿದ್ಧವಾದ ಹಳಿಯನ್ನು ಖಾಲಿ ಬಿಡುವುದು ಇನ್ನೂ ದೊಡ್ಡ ನಷ್ಟವಾಗುತ್ತಿತ್ತು. ಆದರೆ, ಕಾಮಗಾರಿ ಮುಗಿದರೂ ಸಾಕಷ್ಟು ಬೋಗಿಗಳು ಬಾರದಂಥ ಸ್ಥಿತಿ ಒದಗಬಾರದಿತ್ತು. ಉಳಿದ ರೈಲುಗಳು ಯಾವಾಗ ಹಳಿಗೆ ಇಳಿಯುತ್ತವೆ ಎಂಬುದನ್ನು ಮೆಟ್ರೊ ನಿಗಮವಾದ ಬಿಎಂಆರ್‌ಸಿಎಲ್‌ ದಿನಾಂಕ ಸಹಿತ ಪ್ರಕಟಿಸಬೇಕು. ಅಲ್ಲಿಯವರೆಗೆ ಹೊಸೂರು ರಸ್ತೆಯ ಬಿಎಂಟಿಸಿ ಬಸ್ಸುಗಳಲ್ಲಿ ಒಂದನ್ನೂ ಕಡಿತಗೊಳಿಸಕೂಡದು. ಇಂಥ ಸ್ಥಿತಿ ಮರುಕಳಿಸದಂತೆ ಮೆಟ್ರೊದ ಗುಲಾಬಿ ಮಾರ್ಗವನ್ನು ಸಾಕಷ್ಟು ರೈಲುಗಳೊಂದಿಗೇ ಆರಂಭಿಸಬೇಕು.