ಚೀಲ ತೆಗೆಯುವ ಡಾಕ್ಟರು ಸಿಗುತ್ತಾರೆ, ಆಮೇಲಿನ ಗುಳಿಗೆ ಬರೆಯುವವರು ಎಲ್ಲಿ?

ನಮ್ಮ ಕಡೆ ಹೆಣ್ಣುಮಕ್ಕಳ ಮುಟ್ಟು ಎರಡು ರೀತಿ ನಿಲ್ಲುತ್ತದೆ. ವಯಸ್ಸಾದ ಮೇಲೆ ತಾನಾಗಿ ನಿಲ್ಲುವುದು ಒಂದು. ಮೂವತ್ತು, ಮೂವತ್ತೈದಕ್ಕೇ ಆಪರೇಷನ್ ಟೇಬಲ್ ಮೇಲೆ ನಿಲ್ಲುವುದು ಇನ್ನೊಂದು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ತಾಂಡಾದಲ್ಲಿ ಕೂತು "ಚೀಲ ತೆಗಿಸ್ಯಾರೇನ್ರಿ?" ಎಂದು ಕೇಳಿದರೆ ಯಾವ ಚೀಲ ಅಂತ ಯಾರೂ ತಿರುಗಿ ಕೇಳುವುದಿಲ್ಲ. ಆ ಮಾತು ಅಷ್ಟು ಬಳಕೆಯಾಗಿದೆ. "ಹಾರ್ಮೋನ್ ಗುಳಿಗೆ ಕೊಟ್ಟಾರೇನ್ರಿ?" ಎಂದು ಕೇಳಿ ನೋಡಿ. ಅದೇನದು ಎಂಬ ಮುಖ ಮಾಡುತ್ತಾರೆ.

ಚೀಲ ತೆಗೆದದ್ದು ಸುದ್ದಿಯಾಯಿತು. ತೆಗೆದ ಮೇಲೆ ಆ ಮೈಯೊಳಗೆ ಏನಾಯಿತು ಎಂಬುದು ಸುದ್ದಿಯಾಗಲೇ ಇಲ್ಲ. ನಮ್ಮ ತಕರಾರು ಅದರ ಬಗ್ಗೆ.

ಹಳೆಯ ಲೆಕ್ಕ ಮೊದಲು ನೆನಪಿಸಿಕೊಳ್ಳೋಣ. ಕಲಬುರಗಿಯ ನಾಲ್ಕು ಖಾಸಗಿ ಆಸ್ಪತ್ರೆಗಳಲ್ಲಿ 30 ತಿಂಗಳಲ್ಲಿ 2,258 ಮಹಿಳೆಯರ ಗರ್ಭಕೋಶ ತೆಗೆಯಲಾಗಿದೆ ಎಂಬ ಸಂಖ್ಯೆಯನ್ನು ಹೋರಾಟಗಾರರು ಜನರ ಮುಂದಿಟ್ಟರು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. ಅರ್ಧಕ್ಕರ್ಧ ಮಂದಿಗೆ 40 ಕೂಡ ಆಗಿರಲಿಲ್ಲ. ಹೊಟ್ಟೆನೋವು, ಬಿಳಿಸೆರಗು, ಸೊಂಟನೋವು ಅಂತ ಹೋದವರಿಗೆ ಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದರು ಎಂಬುದು ದೂರು. 2015ರಲ್ಲಿ ತನಿಖೆಯಾಯಿತು, ಪರವಾನಗಿ ರದ್ದಿನ ಆದೇಶವೂ ಬಂತು. ಆದರೂ ಆಸ್ಪತ್ರೆ ನಡೆಯುತ್ತಲೇ ಇವೆ ಎಂದು 2017ರ ಫೆಬ್ರವರಿಯಲ್ಲಿ ಆ ಹೆಣ್ಣುಮಕ್ಕಳೇ ಕಲಬುರಗಿಗೆ ಬಂದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂಗಿದರು.

ಇದು ನಮ್ಮ ಜಿಲ್ಲೆಯ ರೋಗ ಮಾತ್ರ ಅಂತಲೂ ಇಲ್ಲ. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಇದೇ ಕಥೆ 2019ರಲ್ಲಿ ಹೊರಬಿತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದಿತು. ಆ ಮಾರ್ಗಸೂಚಿಯ ಪ್ರಕಾರ ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕು. ನಮ್ಮ ಜಿಲ್ಲೆಯ ಸಮಿತಿ ಯಾವಾಗ ಕೂತಿತು, ಏನು ನೋಡಿತು? ಸೇಡಂ ಬಸ್ ನಿಲ್ದಾಣದಲ್ಲಿ ನಿಂತ ಹತ್ತು ಹೆಣ್ಣುಮಕ್ಕಳನ್ನು ಕೇಳಿ, ಇಂಥದ್ದೊಂದು ಸಮಿತಿ ಇದೆಯೆಂದು ಎಷ್ಟು ಮಂದಿ ಹೇಳುತ್ತಾರೋ ನೋಡಿ.

ಈಗ ಮುಖ್ಯ ವಿಷಯ. ಗರ್ಭಚೀಲದ ಎರಡೂ ಬದಿಗೆ ಬಾದಾಮಿಯಷ್ಟು ದೊಡ್ಡ ಎರಡು ಅಂಡಾಶಯ ಇರುತ್ತವೆ. ಈಸ್ಟ್ರೋಜೆನ್ ಎಂಬ ಹಾರ್ಮೋನು ಮುಖ್ಯವಾಗಿ ಅಲ್ಲಿಂದ ಬರುತ್ತದೆ. ಮುಟ್ಟಿಗಷ್ಟೇ ಅಲ್ಲ, ಎಲುಬು ಗಟ್ಟಿ ಇರಲು, ರಕ್ತನಾಳ ನೆಟ್ಟಗಿರಲು, ನಿದ್ದೆಗೆ, ಮೂತ್ರದ ದಾರಿಯ ಚರ್ಮ ಒಣಗದಿರಲು ಅದು ಬೇಕು. ತಾನಾಗಿ ಮುಟ್ಟು ನಿಲ್ಲುವಾಗ, ನಮ್ಮ ದೇಶದಲ್ಲಿ ಸುಮಾರು 46-47ನೇ ವಯಸ್ಸಿಗೆ, ಈ ಹಾರ್ಮೋನು ಕೆಲವು ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಕೆಲವೇ ದಿನದಲ್ಲಿ ಬತ್ತಿಹೋಗುತ್ತದೆ. 32 ವರ್ಷದ ಹೆಣ್ಣುಮಗಳು ಆಸ್ಪತ್ರೆಯಿಂದ ಮನೆಗೆ ಬರುವಾಗ ಒಳಗಿನಿಂದ ಐವತ್ತು ದಾಟಿದವಳಾಗಿ ಬರುತ್ತಾಳೆ. ಅಂಡಾಶಯ ಉಳಿಸಿದ್ದರೂ ಅವು ಕೆಲವು ವರ್ಷ ಮೊದಲೇ ಸೋಲಬಹುದು. ಮುಟ್ಟು ಹೇಗೂ ಇಲ್ಲವಲ್ಲ, ಸೋತದ್ದು ಯಾವಾಗ ಎಂದು ಅವಳಿಗೆ ತಿಳಿಯುವುದು ಹೇಗೆ?

ಆಮೇಲಿನ ಕಥೆ ನಿಮಗೇ ಗೊತ್ತು. "ಮೈಯಾಗ ಬೆಂಕಿ ಹತ್ತಿದಂಗ ಆಗ್ತದ", ರಾತ್ರಿ ಕುಪ್ಪಸ ತೊಯ್ದು ಎದ್ದು ಕೂಡುವುದು, ಎದೆ ಹೊಡೆದುಕೊಳ್ಳುವುದು, ಉಚ್ಚೆ ಉರಿ, ಗಂಡನ ಹತ್ತಿರ ಹೋಗಲು ಹೆದರಿಕೆ, ಸಣ್ಣ ಮಾತಿಗೆ ಅಳು, ಮೊಣಕಾಲು ನೋವು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಶಹಾಬಾದದ ಕಲ್ಲಿನ ಖಣಿಯಲ್ಲಿ, ವಾಡಿಯ ಸಿಮೆಂಟ್ ಧೂಳಿನಲ್ಲಿ, ತೊಗರಿ ಹೊಲದಲ್ಲಿ ದುಡಿಯುವವಳು ಮೈ ಉರಿಯುತ್ತದೆ ಎಂದರೆ ಯಾರು ಕಿವಿಗೊಡುತ್ತಾರೆ? ಬಿಸಿಲು ಹತ್ತಿದೆ ಅನ್ನುತ್ತಾರೆ. ಆರ್‌ಎಂಪಿ ಡಾಕ್ಟರು ಒಂದು ಸಲಾಯಿನ್ ಹಚ್ಚಿ, ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸುತ್ತಾರೆ. ಮನೆಯಲ್ಲಿ ಅತ್ತೆ "ಆಪರೇಷನ್ ಆದಾಕಿ, ಹಂಗೇ ಇರತದ" ಅನ್ನುತ್ತಾಳೆ. ಕೆಲವರು ದೇವರು ಬಂದಿದೆ ಎಂದು ನಿಂಬೆಹಣ್ಣು ಇಳಿಸುತ್ತಾರೆ.

ಇದಕ್ಕೆ ಮದ್ದು ಇದೆ. ದೇಹ ಮಾಡುವುದನ್ನು ನಿಲ್ಲಿಸಿದ ಹಾರ್ಮೋನನ್ನು ಗುಳಿಗೆ, ಜೆಲ್ ಅಥವಾ ಪಟ್ಟಿಯ ರೂಪದಲ್ಲಿ ಸ್ವಲ್ಪ ಪ್ರಮಾಣದಲ್ಲಿ ಕೊಡುವುದು. ಹಾರ್ಮೋನ್ ಮರುಪೂರಣ, ಎಚ್‌ಆರ್‌ಟಿ ಅನ್ನುತ್ತಾರೆ. 45 ತುಂಬುವ ಮೊದಲೇ ಅಂಡಾಶಯ ಕಳೆದುಕೊಂಡವರಿಗೆ, ಕೊಡಬಾರದ ಕಾರಣ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ, ಅಂದರೆ ಸುಮಾರು 50ರವರೆಗೆ ಇದನ್ನು ಕೊಡಬೇಕು ಎಂಬುದು ವೈದ್ಯಲೋಕ ಒಪ್ಪಿದ ಮಾತು. ಅದು ಬರೀ ಉರಿ ಶಮನಕ್ಕಲ್ಲ. ಅಷ್ಟು ಬೇಗ ಈಸ್ಟ್ರೋಜೆನ್ ಹೋದರೆ ಎಲುಬು ಪೊಳ್ಳಾಗುವ, ಹೃದಯದ ಕಾಯಿಲೆ ಬರುವ ಅಪಾಯ ಹೆಚ್ಚುತ್ತದೆ. ಅಂದರೆ ಈ ಚಿಕಿತ್ಸೆ ಜಗತ್ತಿನಲ್ಲಿ ಯಾರಿಗಾದರೂ ಮೊದಲು ಸಲ್ಲಬೇಕಿದ್ದರೆ ಅದು ನಮ್ಮ ತಾಂಡಾಗಳ ಹೆಣ್ಣುಮಕ್ಕಳಿಗೆ. ಸಿಗುತ್ತಿರುವುದು ದೊಡ್ಡ ಊರಿನ ಉಳ್ಳವರಿಗೆ.

"ಹಾರ್ಮೋನ್ ತಗೊಂಡರೆ ಕ್ಯಾನ್ಸರ್ ಬರ್ತದ" ಎಂದು ಎದುರಾಡುವ ಡಾಕ್ಟರುಗಳೂ ಇದ್ದಾರೆ. ಈ ಹೆದರಿಕೆ ಹುಟ್ಟಿದ್ದು 2002ರ ಜುಲೈನಲ್ಲಿ. ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಿದ್ದು ಕಂಡು ನಡುವೆಯೇ ನಿಲ್ಲಿಸಿದರು. ಜಗತ್ತಿನ ಡಾಕ್ಟರುಗಳು ಬರೆಯುವುದನ್ನೇ ಬಿಟ್ಟರು. ಆದರೆ ಆ ಅಧ್ಯಯನದಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಕ್ಯಾನ್ಸರ್ ಹೆಚ್ಚಿದ್ದು ಎರಡು ಹಾರ್ಮೋನು ಕೂಡಿಸಿ ತೆಗೆದುಕೊಂಡವರಲ್ಲಿ. ಗರ್ಭಚೀಲ ಇರುವವರಿಗೆ ಎರಡೂ ಬೇಕು, ಒಂದನ್ನೇ ಕೊಟ್ಟರೆ ಚೀಲದ ಒಳಪದರಕ್ಕೆ ಅಪಾಯ. ಚೀಲವೇ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು, ಅದೊಂದನ್ನೇ ತೆಗೆದುಕೊಂಡ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆ ತೆಗೆಯುವುದಾಗಿ ಹೇಳಿತು. 63ರ ಅಮೆರಿಕದ ಅಜ್ಜಿಯ ಲೆಕ್ಕ ಹಿಡಿದು ಚಿಂಚೋಳಿಯ 34ರ ಹೆಣ್ಣುಮಗಳಿಗೆ ಗುಳಿಗೆ ಬೇಡ ಅನ್ನುವುದು ಯಾವ ನ್ಯಾಯ? ಕ್ಯಾನ್ಸರ್ ಹೆದರಿಕೆ ಹಾಕಿಯೇ ಅವಳ ಚೀಲ ತೆಗೆದರು, ಈಗ ಅದೇ ಹೆದರಿಕೆಯಿಂದ ಮದ್ದನ್ನೂ ತಪ್ಪಿಸುತ್ತಾರೆ.

ಇನ್ನೊಂದು ಮಾತು ನಮಗೆ ಬಹಳ ಕಾಡುತ್ತದೆ. ಹಾರ್ಮೋನು ಕೊಡಲು ಸರ್ಕಾರಕ್ಕೆ ಎಂದೂ ಸಂಕೋಚ ಇರಲಿಲ್ಲ. ಮಾಲಾ-ಎನ್ ಗುಳಿಗೆ ಏನು? ಹಾರ್ಮೋನೇ. ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್ ಏನು? ಅದೂ ಹಾರ್ಮೋನೇ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮಕ್ಕಳು ಹುಟ್ಟದಂತೆ ಮಾಡಲು ಮನೆ ಬಾಗಿಲಿಗೆ ಹಾರ್ಮೋನು ಬಂತು. ಹೆರುವುದು ಮುಗಿದ ಮೇಲೆ ಅದೇ ಹೆಣ್ಣಿಗೆ ಹಾರ್ಮೋನು ಬೇಕಾದಾಗ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. (ಮಾಲಾ-ಎನ್ ಗುಳಿಗೆಯನ್ನೇ ಇದಕ್ಕೆ ನುಂಗಬೇಡಿ ಮತ್ತೆ. ಅದರ ಔಷಧ ಬೇರೆ, ಪ್ರಮಾಣ ಬೇರೆ.)

ಆಶಾ ಅಕ್ಕಂದಿರ ಮೇಲೆ ನಮ್ಮ ಸಿಟ್ಟಿಲ್ಲ, ಕೊಟ್ಟ ಫಾರ್ಮ್ ತುಂಬುತ್ತಾರೆ. 30 ದಾಟಿದವರಿಗೆ ಬಿಪಿ, ಸಕ್ಕರೆ, ಕ್ಯಾನ್ಸರ್ ಗುರುತಿಸಲು ಮನೆಮನೆಗೆ ಒಂದು ಫಾರ್ಮ್ ಬರುತ್ತದಲ್ಲ, ಅದರಲ್ಲಿ ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತದೆಯೇ ಎಂಬ ಪ್ರಶ್ನೆ ಇದೆ. ಒಳ್ಳೆಯ ಪ್ರಶ್ನೆ, ಹಾಗೆ ರಕ್ತ ಕಂಡರೆ ತಡ ಮಾಡದೆ ತೋರಿಸಲೇಬೇಕು. ಅದರ ಪಕ್ಕದಲ್ಲಿ ಇನ್ನೆರಡು ಸಾಲು ಸೇರಿಸಲು ಏನು ಖರ್ಚು: ಗರ್ಭಚೀಲ ತೆಗೆಸಿದ್ದೀರಾ, ಯಾವ ವಯಸ್ಸಿಗೆ? ಮೈ ಉರಿ, ನಿದ್ದೆ ಇಲ್ಲದಿರುವುದು ಇದೆಯೇ?

ಎಲ್ಲರಿಗೂ ಈ ಗುಳಿಗೆ ಸಲ್ಲುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ಅಥವಾ ಪುಪ್ಪುಸದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು, ಹೃದಯಾಘಾತ ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ತೆಗೆದುಕೊಳ್ಳಬಾರದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಔಷಧವೂ ಅಲ್ಲ. ಬಿಪಿ ನೋಡಿ, ಎದೆ ಪರೀಕ್ಷೆ ಮಾಡಿ, ಹಿಂದಿನ ಕಾಯಿಲೆ ಕೇಳಿ ಬರೆಯಬೇಕು, ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ತಾನಾಗಿ ಮುಟ್ಟು ನಿಂತು ದೊಡ್ಡ ತೊಂದರೆ ಇಲ್ಲದವರಿಗೆ ಬೇಕೇ ಬೇಕೆಂದೂ ಇಲ್ಲ. ಬರೀ ಒಣಗುವಿಕೆ, ಉಚ್ಚೆ ಉರಿ ಇದ್ದರೆ ಹಚ್ಚುವ ಮುಲಾಮೇ ಸಾಕಾಗಬಹುದು. ಇದನ್ನೆಲ್ಲ ಕೂತು ಹೇಳಲು ಒಬ್ಬ ಡಾಕ್ಟರು ಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಗರ್ಭಿಣಿಯರಿಗೆ ದಿನ ಗೊತ್ತು ಮಾಡಿದ ಹಾಗೆ ಮುಟ್ಟು ನಿಂತವರಿಗೂ ವಾರಕ್ಕೊಂದು ದಿನ ಗೊತ್ತು ಮಾಡಿ, ಈಸ್ಟ್ರೋಜೆನ್ ಗುಳಿಗೆ ಪುಕ್ಕಟೆ ಇಡಿ, ವಾಡಿ ಮತ್ತು ಶಹಾಬಾದದ ಹೆಣ್ಣುಮಕ್ಕಳು ಕಲಬುರಗಿಗೆ ಅಲೆಯದ ಹಾಗೆ ಅಲ್ಲೂ ಇಡಿ. ಇದೇ ನಮ್ಮ ಬೇಡಿಕೆ. 2015ರ ಪಟ್ಟಿಯಲ್ಲಿರುವವರನ್ನು ಇಲಾಖೆಯೇ ಹುಡುಕಿಕೊಂಡು ಹೋಗಬೇಕು. ಅಂದು 30 ಇದ್ದವರಿಗೆ ಈಗಲೂ 50 ಆಗಿಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಚೀಲ ತೆಗೆಸಿದವರಿದ್ದರೆ ಟ್ರಂಕಿನಿಂದ ಡಿಸ್ಚಾರ್ಜ್ ಕಾರ್ಡ್ ಹೊರಗೆ ತೆಗೆಯಿರಿ. ಅಂಡಾಶಯ ತೆಗೆದಿದ್ದಾರೋ ಉಳಿಸಿದ್ದಾರೋ ಎಂದು ಬರೆದಿರಬೇಕು. ಇಂಗ್ಲಿಷ್ ತಿಳಿಯದಿದ್ದರೆ ಕಾಲೇಜಿಗೆ ಹೋಗುವ ಮಗಳಿಂದ ಓದಿಸಿ. ಬರೆದಿಲ್ಲದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ ದಾಖಲೆ ಕೇಳಿ. ಅದು ನಿಮ್ಮ ಹಕ್ಕು. ಆ ಕಾಗದ ಹಿಡಿದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರ ಮುಂದೆ ಕೂತು, "ನನಗೆ ಹಾರ್ಮೋನ್ ಬೇಕೋ ಬ್ಯಾಡೋ, ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಬರದು ಕೊಡ್ರಿ" ಎಂದು ಕೇಳಿ.